ಅಡುಗೆ ಮಾಡುವವಳ ತಟ್ಟೆಯೂ ಲೆಕ್ಕಕ್ಕೆ ಬರಲಿ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಪುಣೆ ಪಕ್ಕದ ಚಿಂಚವಾಡದ ಸೋದರಿಯೊಬ್ಬರ ಪತ್ರ ಬಂದಿತ್ತು. ಕಿರಾಣಿ ದರ ಏರಿ ಮನೆ ನಡೆಸುವುದೇ ಕಷ್ಟವಾಗಿದೆ ಅಂತ ಬರೆದಿದ್ದರು. ತಮ್ಮ ಐದು ಜನರ ಮನೆಗೆ ಅವರು ಕೊಟ್ಟ ಲೆಕ್ಕದಲ್ಲಿ ಒಂದು ಪೈಸೆಯೂ ಸುಳ್ಳಿಲ್ಲ. ನಮ್ಮ ಮನೆಯ ಕತೆಯೂ ಅದೇ. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತು. "ಮಕ್ಕಳು, ಯಜಮಾನರು ಉಂಡ ಮೇಲೆ ಉಳಿದದ್ದರಲ್ಲಿ ನನ್ನದು ನಡೆಯುತ್ತದೆ." ಅದನ್ನು ಓದಿದ ಮೇಲೆ ನನಗೆ ಸುಮ್ಮನೆ ಕೂರಲು ಆಗಲಿಲ್ಲ. ಎರಡು ವರ್ಷದ ಹಿಂದೆ ನಾನೂ ಇದೇ ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಆ ಸೋದರಿಗೆ ನಿಮ್ಮ ಪತ್ರಿಕೆಯ ಮೂಲಕವೇ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನಾವು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಪುಣೆಗೆ ಬಂದು 17 ವರ್ಷ ಆಯಿತು. ಹಡಪ್ಸರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ನಮ್ಮ ಯಜಮಾನರು ಒಂದು ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ ಹಚ್ಚುತ್ತೇನೆ. ಮಗಳು ಹತ್ತನೇ ತರಗತಿ, ಮಗ ಏಳನೇ ತರಗತಿ. ಜೊತೆಗೆ ಅತ್ತೆಯವರು. ಒಟ್ಟು ಐದು ಜನ. ಇಬ್ಬರ ದುಡಿಮೆ ಸೇರಿ ತಿಂಗಳಿಗೆ ಸುಮಾರು 23,000 ರೂಪಾಯಿ. ಬಾಡಿಗೆ, ಲೈಟ್ ಬಿಲ್, ಗ್ಯಾಸು, ಮಕ್ಕಳ ಓದು, ಅತ್ತೆಯವರ ಬಿಪಿ ಗುಳಿಗೆ, ಊರಿನ ಮದುವೆ ಮುಂಜಿ, ಇವನ್ನೆಲ್ಲ ತೆಗೆದರೆ ಊಟಕ್ಕೆ ಸಿಗುವುದು 7,800. ದಿನಕ್ಕೆ ಒಬ್ಬರಿಗೆ 52 ರೂಪಾಯಿ ಬೀಳುತ್ತದೆ. ಇವತ್ತು ಹೊರಗೆ ಒಂದು ಊಟ ಕೂಡ ಆ ದುಡ್ಡಿಗೆ ಬರಲ್ಲ.

ಎರಡು ವರ್ಷದ ಹಿಂದೆ ಹೊಲಿದ ಬ್ಲೌಸ್ ಕೊಡಲು ಮೂರನೇ ಮಹಡಿಗೆ ಹತ್ತಿದವಳು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಕಣ್ಣು ಕತ್ತಲೆ. ಮಗಳು ಬೆನ್ನು ಹತ್ತಿ ಪಾಲಿಕೆಯ ದವಾಖಾನೆಗೆ ಕರೆದುಕೊಂಡು ಹೋದಳು. ರಕ್ತ ತಪಾಸಣೆ ಮಾಡಿದರು. ಹಿಮೋಗ್ಲೋಬಿನ್ 7.8. ಹೆಂಗಸರಿಗೆ ಕಡಿಮೆ ಅಂದರೂ 12 ಇರಬೇಕಂತೆ. ಅಲ್ಲಿದ್ದ ನರ್ಸ್ ಬಾಯಿ ಬೈಯಲಿಲ್ಲ. ಮೆಲ್ಲಗೆ ಮರಾಠಿಯಲ್ಲಿ ಕೇಳಿದರು, "ಕಾಲ್ ಕಾಯ್ ಕಾಯ್ ಖಾಲ್ಲಂ, ತಾಈ?" ನಿನ್ನೆ ಏನೇನು ತಿಂದೆ ಅಂತ.

ಹೇಳಿದೆ. ಬೆಳಿಗ್ಗೆ ಚಹಾ, ಎರಡು ಖಾರಿ ಬಿಸ್ಕೀಟು. ಮಧ್ಯಾಹ್ನ ಹಿಂದಿನ ದಿನದ ಒಂದೂವರೆ ರೊಟ್ಟಿ, ಕೆಂಪು ಚಟ್ನಿ. ಸಂಜೆ ಮತ್ತೆ ಚಹಾ. ರಾತ್ರಿ ಅನ್ನ, ಸಾರು.

"ಮನೆಯಲ್ಲಿ ಬೇಳೆ ಮಾಡಲ್ವಾ? ಸೊಪ್ಪು ತರಲ್ವಾ?" ಅಂತ ಕೇಳಿದರು. ಎಲ್ಲ ಮಾಡುತ್ತೇನೆ, ಎಲ್ಲ ತರುತ್ತೇನೆ ಅಂದೆ. ಹಾಗೆ ಅಂದ ಮೇಲೆ ನನಗೇ ಕಣ್ಣಿಗೆ ಕಟ್ಟಿದ್ದು ನಮ್ಮ ಸಾರಿನ ಪಾತ್ರೆ. ಬಡಿಸುವಾಗ ಸೌಟನ್ನು ತಳದವರೆಗೆ ಇಳಿಸಿ ಗಟ್ಟಿ ಬೇಳೆ ಎತ್ತುತ್ತಿದ್ದೆ. ಮೊದಲ ಸೌಟು ಮಗನಿಗೆ, ಎರಡನೆಯದು ಮಗಳಿಗೆ, ಆಮೇಲೆ ಯಜಮಾನರಿಗೆ, ಅತ್ತೆಯವರಿಗೆ. ನನ್ನ ಪಾಳಿ ಬರುವ ಹೊತ್ತಿಗೆ ಉಳಿಯುತ್ತಿದ್ದದ್ದು ಮೇಲಿನ ತಿಳಿ. ಅದೂ ಕಡಿಮೆ ಅನಿಸಿದರೆ ಅರ್ಧ ಲೋಟ ಬಿಸಿನೀರು ಹಾಕಿ ಒಂದು ಕುದಿ ಕುದಿಸಿಕೊಳ್ಳುತ್ತಿದ್ದೆ. ಪಲ್ಲೆಯ ಬಾಣಲೆಯಲ್ಲಿ ಅನ್ನ ಕಲಸಿ ಒರೆಸಿ ಉಂಡರೆ ನನ್ನ ಊಟ ಆಯಿತು.

ಕಡಿಮೆ ದುಡ್ಡಿನಲ್ಲಿ ಮನೆ ತೂಗಿಸುತ್ತೇನೆ ಅಂತ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ಒಂದು ಪಾಲು ನನ್ನ ಮೈಯಿಂದ ಹೋಗುತ್ತಿತ್ತು. ಅದನ್ನು ಯಾವ ವಹಿಯಲ್ಲೂ ಬರೆದಿರಲಿಲ್ಲ. ನಾನೊಬ್ಬಳೇ ಹೀಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ನಮ್ಮ ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡಿದೆ. ನಮ್ಮ ವಠಾರದಲ್ಲಿ ಹತ್ತು ಬಾಗಿಲು ಇವೆ. ಐದಾರು ಮನೆಯಲ್ಲಾದರೂ ಒಬ್ಬಳು ಹೀಗೇ ತಿಳಿ ಕುಡಿದು ಮಲಗುತ್ತಿರಬಹುದು, ಅಲ್ವಾ?

ಮನೆಗೆ ಬಂದವಳೇ ಮಾಡಿದ ಮೊದಲ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಊಟಕ್ಕೆ ಕೂರುವ ಮುಂಚೆ ಐದೂ ತಟ್ಟೆ ಸಾಲಾಗಿ ಇಟ್ಟು, ಸಾರನ್ನು ಚೆನ್ನಾಗಿ ಕಲಕಿ, ಒಂದೇ ಸಲ ಬಡಿಸುವುದು. ಯಜಮಾನರು ರಾತ್ರಿ ಪಾಳಿಯಲ್ಲಿದ್ದರೆ ಅವರ ಪಾಲು ಮೊದಲೇ ಡಬ್ಬಿಗೆ. ಬಡಿಸಿದ ಮೇಲೆ ಪಾತ್ರೆ ಖಾಲಿ. ಇನ್ನೂ ಬೇಕು ಅಂದವರಿಗೆ ರೊಟ್ಟಿ ಇದೆ, ಚಟ್ನಿ ಇದೆ, ಮಜ್ಜಿಗೆ ಇದೆ.

ಅತ್ತೆಯವರಿಗೆ ಮೊದಲು ಇದು ಸರಿ ಬರಲಿಲ್ಲ. "ಎಲ್ಲಾರ್ದೂ ಆದ ಮ್ಯಾಲ ಉಣ್ಣೂದು ನಮ್ಮ ಪದ್ಧತಿ. ನಮ್ಮವ್ವನೂ ಹಂಗ ಉಂಡಾಳ, ನಾನೂ ಹಂಗ ಉಂಡೀನಿ" ಅಂದರು. ನಾನು ಎದುರು ಮಾತಾಡಲಿಲ್ಲ. ಅವರನ್ನೂ ಅದೇ ದವಾಖಾನೆಗೆ ಕರೆದುಕೊಂಡು ಹೋದೆ. ಅವರದು 9.1 ಬಂತು. ಮನೆಗೆ ಬರುವವರೆಗೆ ರಿಕ್ಷಾದಲ್ಲಿ ಮಾತೇ ಇಲ್ಲ. ಈಗ ತಟ್ಟೆ ಇಡುವುದು ಅವರೇ. ಒಳಗಿಂದ ನಾನು ಬರುವುದು ತಡವಾದರೆ "ಐದ್ ತಟ್ಟಿ ಆದ್ವೇನವಾ?" ಅಂತ ಕೂಗುತ್ತಾರೆ.

ಆಮೇಲೆ ವಹಿ ಹಿಡಿದೆ. ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದು ತಿಂಗಳು ಬಾಯಿಗೆ ಹೋದದ್ದೆಲ್ಲ ಬರೆದೆ. ಐದು ರೂಪಾಯಿ ಬಿಸ್ಕೀಟು, ಹತ್ತು ರೂಪಾಯಿ ವೇಫರ್ಸ್, ಖಾರಿ, ಟೋಸ್ಟು, ಸಂಜೆ ವಡಾಪಾವ್, ಎರಡು ನಿಮಿಷದ ಶ್ಯಾವಿಗೆ ಪುಡಿಕೆ. ತಿಂಗಳ ಕೊನೆಗೆ ಕೂಡಿಸಿದರೆ 1,340 ರೂಪಾಯಿ. ಅದೇ ತಿಂಗಳು ಬೇಳೆಕಾಳಿಗೆ ನಾನು ಕೊಟ್ಟದ್ದು 610. ಇದನ್ನು ನೋಡಿ ಯಾರ ಮೇಲೂ ಸಿಟ್ಟು ಬರಲಿಲ್ಲ. ಶಾಲೆಯಿಂದ ಬಂದ ಮಗುವಿಗೆ ಹಸಿವು. ನನಗೆ ಮಶೀನು ಬಿಟ್ಟು ಏಳಲು ಆಗಲ್ಲ. ಕೈಗೆ ಹತ್ತು ರೂಪಾಯಿ ಕೊಡುವುದು ಸುಲಭ. ಎಲ್ಲ ಮನೆಯಲ್ಲೂ ಆಗುವುದು ಇದೇ.

ಈಗ ಡಬ್ಬಿಯಲ್ಲಿ ಯಾವಾಗಲೂ ಹುರಿದ ಶೇಂಗಾ ಇರುತ್ತದೆ, ಪಕ್ಕದಲ್ಲಿ ಬೆಲ್ಲ. ಭಾನುವಾರ ಅರ್ಧ ಕಿಲೋ ಶೇಂಗಾ ಹುರಿದು, ಸಿಪ್ಪೆ ಉಜ್ಜಿ, ಮೊರದಲ್ಲಿ ಕೇರಿ ಇಡುತ್ತೇನೆ. ಒಂದು ಹಿಡಿ ಶೇಂಗಾ, ನೆಲ್ಲಿಕಾಯಿ ಗಾತ್ರದ ಬೆಲ್ಲ. ಮಗ ಮೊದಲ ವಾರ ಮುಖ ಊದಿಸಿಕೊಂಡ. ಎರಡನೇ ವಾರ ತಾನೇ ಡಬ್ಬಿ ತೆಗೆದ. ವಡಾಪಾವ್ ಪೂರ್ತಿ ನಿಲ್ಲಿಸಿಲ್ಲ. ತಿಂಗಳಿಗೆ ಒಂದು ಸಲ, ಯಜಮಾನರ ಪಗಾರದ ದಿನ, ಎಲ್ಲರೂ ಕೂಡಿ ತಿನ್ನುತ್ತೇವೆ. ಮಕ್ಕಳಿಗೆ ಬಾಯಿ ಚಪಲ ಇರಬಾರದು ಅಂತ ನಾನು ಯಾವತ್ತೂ ಹೇಳಲ್ಲ.

ತಿಂಗಳ ದುಡ್ಡು ಕೈಗೆ ಬಂದ ದಿನ ಮೊದಲು ಬೇಳೆಕಾಳು ತರುತ್ತೇನೆ. ಇದೊಂದು ಮಾತು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಮುಂಚೆ ಅಕ್ಕಿ, ಗೋಧಿ, ಎಣ್ಣೆ, ಸಕ್ಕರೆ, ಚಹಾಪುಡಿ ತಂದು, ಉಳಿದದ್ದರಲ್ಲಿ ಬೇಳೆ ತರುತ್ತಿದ್ದೆ. ಉಳಿಯುತ್ತಿದ್ದದ್ದು ಎಷ್ಟು ಅಂತ ನಿಮಗೂ ಗೊತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ಮಗಳು ಮೊಬೈಲಿನಲ್ಲಿ ತೆಗೆದು ಓದಿ ಹೇಳಿದಳು. ದಿನಕ್ಕೆ 2,000 ಕ್ಯಾಲೊರಿಯ ಊಟದಲ್ಲಿ ಧಾನ್ಯ 250 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ, ಬೇಳೆಕಾಳು, ಮೊಟ್ಟೆ, ಮಾಂಸ ಸೇರಿ 85 ಗ್ರಾಂ. ನಮ್ಮ ಮನೆಯಲ್ಲಿ ಧಾನ್ಯ ಆ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಹೋಗುತ್ತಿತ್ತು. ಬೇಳೆ ಅರ್ಧಕ್ಕೂ ಮುಟ್ಟುತ್ತಿರಲಿಲ್ಲ.

ಈಗ ತಿಂಗಳಿಗೆ ಹತ್ತೂವರೆ ಕಿಲೋ ಬೇಳೆಕಾಳು. ತೊಗರಿ ಬೇಳೆ ಎರಡೂವರೆ ಕಿಲೋ ಮಾತ್ರ. ತೊಗರಿಯ ಕಣಜ ಅನ್ನುವ ಕಲಬುರಗಿಯ ಪಕ್ಕದ ಜಿಲ್ಲೆಯವರು ನಾವು, ತೊಗರಿ ಇಲ್ಲದೆ ಸಾರು ಅಂದರೆ ಸಾರೇ ಅಲ್ಲ ಅನ್ನುವವರು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ನಾನು ಮಾಡಿದ ತಪ್ಪು ಅಂದರೆ ಅದೇ ಬೇಳೆಯನ್ನು ಕಡಿಮೆ ಹಾಕಿ ಸಾರನ್ನು ನೀರು ಮಾಡಿದ್ದು. ಬೇರೆ ಬೇಳೆಗೆ ಹೋಗಬೇಕಿತ್ತು. ಈಗ ಅರ್ಧ ತೊಗರಿ, ಅರ್ಧ ಚನ್ನಂಗಿ ಬೇಳೆ ಹಾಕುತ್ತೇನೆ. ಇಲ್ಲಿಯವರು ಅದಕ್ಕೆ ಮಸೂರ್ ಅನ್ನುತ್ತಾರೆ. ಬೇಗ ಬೇಯುತ್ತದೆ, ಗ್ಯಾಸು ಉಳಿಯುತ್ತದೆ. ಹುಣಸೆಹುಳಿ, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ರುಚಿಯಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಉಳಿದದ್ದು ಹೆಸರುಕಾಳು, ಮಡಕಿಕಾಳು, ಕರಿ ಕಡಲೆ, ಝುಣಕಕ್ಕೆ ಕಡಲೆಹಿಟ್ಟು. ಎಲ್ಲ ಸೇರಿ ಸುಮಾರು 1,080 ರೂಪಾಯಿ ಆಗುತ್ತದೆ. ನಮ್ಮ ವಠಾರದ ಮೂರು ಮನೆಯವರು ಕೂಡಿ ಎರಡು ತಿಂಗಳಿಗೊಮ್ಮೆ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಭುಸಾರ್ ಪೇಟೆಗೆ, ಅಂದರೆ ಕಾಳುಕಡಿಯ ಸಗಟು ಪೇಟೆಗೆ, ಹೋಗುತ್ತೇವೆ. ಹತ್ತು ಕಿಲೋ ಒಟ್ಟಿಗೆ ತಗೊಂಡರೆ ಓಣಿಯ ಅಂಗಡಿಗಿಂತ ಕಿಲೋಗೆ ಹತ್ತು ಹನ್ನೆರಡು ರೂಪಾಯಿ ಕಡಿಮೆ ಬೀಳುತ್ತದೆ. ಮನೆಗೆ ತಂದು ತೂಕ ಮಾಡಿ ಹಂಚಿಕೊಳ್ಳುತ್ತೇವೆ. ಒಬ್ಬಳೇ ಹೋದರೆ ಬಸ್ ಖರ್ಚಿಗೇ ಲಾಭ ಹೋಗುತ್ತದೆ. ಮೂವರು ಬೇಕು.

ಮಡಕಿಕಾಳಿಗೆ ಮೊಳಕೆ ಬರಿಸುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಂದು ಬಟ್ಟಲು ಕಾಳು ಮೊಳಕೆ ಬಂದರೆ ಪಾತ್ರೆ ತುಂಬ ಆಗುತ್ತದೆ, ಐದು ಜನರಿಗೆ ಪಲ್ಲೆ ಆಗುತ್ತದೆ. ಬೆಳಿಗ್ಗೆ ನೆನೆ ಹಾಕಿ ರಾತ್ರಿ ಬಸಿಯುತ್ತೇನೆ. ಯಜಮಾನರ ಹಳೆಯ ಧೋತರದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ, ಮೇಲೆ ನೀರು ಚಿಮುಕಿಸಿ, ಜರಡಿಯಲ್ಲಿಟ್ಟು ಮೇಲೊಂದು ತಟ್ಟೆ ಮುಚ್ಚುತ್ತೇನೆ. ಬೇಸಿಗೆಯಲ್ಲಿ ಮರುದಿನ ಬೆಳಿಗ್ಗೆ ಬಟ್ಟೆಯನ್ನೇ ಚುಚ್ಚಿಕೊಂಡು ಬಿಳಿ ಮೊಳಕೆ ಹೊರಗೆ ಇಣುಕುತ್ತಿರುತ್ತದೆ. ಪುಣೆಯ ಡಿಸೆಂಬರ್ ಚಳಿಯಲ್ಲಿ ಹಾಗಾಗಲ್ಲ, ಇನ್ನೊಂದು ದಿನ ಬೇಕು. ಆಗ ಗಂಟನ್ನು ಹಿಟ್ಟಿನ ಡಬ್ಬಿಯ ಒಳಗೆ ಬೆಚ್ಚಗೆ ಇಡುತ್ತೇನೆ. ಮೊಳಕೆ ಬಂದಾಗ ಒಣ ಕಾಳಿನಲ್ಲಿ ಇಲ್ಲದ ಸಿ ಜೀವಸತ್ವ ಬರುತ್ತದೆ. ಬೇಯಲು ಐದು ನಿಮಿಷ ಸಾಕು. ಉಳ್ಳಾಗಡ್ಡಿ, ಖಾರಪುಡಿ, ಒಂದಿಷ್ಟು ಶೇಂಗಾ ಪುಡಿ, ಮೇಲೆ ಲಿಂಬೆ. ಪಕ್ಕದ ಮನೆಯ ಮರಾಠಿ ವಹಿನಿ ಇದಕ್ಕೆ ಮಟಕೀಚಿ ಉಸಳ ಅನ್ನುತ್ತಾರೆ. ಅವರದು ಗೋಡಾ ಮಸಾಲೆ, ನಮ್ಮದು ಖಾರಬ್ಯಾಳಿ ಪುಡಿ. ಕೆಲವೊಮ್ಮೆ ಬಟ್ಟಲು ಅದಲು ಬದಲು ಆಗುತ್ತದೆ.

ಜೋಳದ ವಿಷಯಕ್ಕೆ ಬರುತ್ತೇನೆ. ಜೋಳ ಬಡವರ ಊಟ ಅನ್ನುವ ಮಾತು ಹಳೆಯದಾಯಿತು. ಈಗ ಒಳ್ಳೆಯ ಮಾಲದಂಡಿ ಜೋಳ ಗೋಧಿಗಿಂತ ದುಬಾರಿ. ಹಿಂಗಾರಿ ಸುಗ್ಗಿ ಮುಗಿದ ಮೇಲೆ ಊರಿನಿಂದ ತಮ್ಮ ಚೀಲ ಕಳಿಸುತ್ತಾನೆ. ಅವನಿಗೂ ದುಡ್ಡು ಕೊಟ್ಟೇ ತಗೊಳ್ಳುತ್ತೇನೆ, ರೈತನ ಹತ್ತಿರ ಬಿಟ್ಟಿ ಕೇಳುವುದು ಸರಿಯಲ್ಲ. ಆದರೂ ಇಲ್ಲಿಯ ಅಂಗಡಿ ದರಕ್ಕಿಂತ ಕಡಿಮೆ. ಪೂರ್ತಿ ಜೋಳದ ಮೇಲೆ ನಮ್ಮ ಮನೆ ನಡೆಯಲ್ಲ. ಮಧ್ಯಾಹ್ನ ರೊಟ್ಟಿ, ಮಕ್ಕಳ ಡಬ್ಬಿಗೆ ಚಪಾತಿ, ರಾತ್ರಿ ಸ್ವಲ್ಪ ಅನ್ನ. ಜೋಳ, ಗೋಧಿ, ಅಕ್ಕಿ ಸೇರಿ 38 ಕಿಲೋಗೆ 1,650ರ ಸುಮಾರು. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಇದ್ದೇ ಇರುತ್ತವೆ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ತಿಂಗಳಿಗೆ ಮೂರು ಕಿಲೋ ಶೇಂಗಾ, ಅರ್ಧ ಕಿಲೋ ಅಗಸಿ ಬೇಕು. ಮನೆಯಲ್ಲಿ ಪಲ್ಲೆ ಕಡಿಮೆಯಾದ ದಿನ ಹಿಂಡಿಯ ಡಬ್ಬಿಯೇ ಮಾನ ಕಾಯುವುದು.

ಸೊಪ್ಪಿನಲ್ಲಿ ನಾನು ಕೈ ಬಿಗಿ ಹಿಡಿಯಲ್ಲ. ದಿನಕ್ಕೆ 60 ರೂಪಾಯಿ ಸೊಪ್ಪು ತರಕಾರಿಗೇ ಇಟ್ಟಿದ್ದೇನೆ. ಇಡೀ ಲೆಕ್ಕದಲ್ಲಿ ದೊಡ್ಡ ಪಾಲು ಅದೇ, 1,800. ಹಡಪ್ಸರದ ಮಂಡಈಗೆ, ಅಂದರೆ ತರಕಾರಿ ಮಾರುಕಟ್ಟೆಗೆ, ರಾತ್ರಿ ಎಂಟರ ಮೇಲೆ ಹೋಗುತ್ತೇನೆ. ಬೆಳಿಗ್ಗೆ 20 ರೂಪಾಯಿ ಹೇಳಿದ ಮೆಂತ್ಯದ ಜುಡಿಯನ್ನು ಆಗ ಎರಡಕ್ಕೆ 20 ಅಂತ ಕೊಡುತ್ತಾರೆ. ಆದರೆ ಅಗ್ಗ ಅಂತ ಹಳದಿಯಾದ ಸೊಪ್ಪು ತಂದರೆ ಅರ್ಧ ಕಸಕ್ಕೆ ಹೋಗುತ್ತದೆ. ಕಟ್ಟಿನ ನಡುವೆ ಬೆರಳು ಹಾಕಿ ನೋಡಬೇಕು. ಒಳಗೆ ಬಿಸಿ ಇದ್ದರೆ, ಲೋಳೆ ಹತ್ತಿದರೆ, ಬಿಟ್ಟಿ ಕೊಟ್ಟರೂ ಬೇಡ. ಹೂಕೋಸಿನ ಎಲೆ, ಮೂಲಂಗಿ ಸೊಪ್ಪು, ಬೀಟ್‌ರೂಟ್ ಸೊಪ್ಪನ್ನು ಗಿರಾಕಿಗಳು ಅಲ್ಲೇ ಮುರಿಸಿ ಬಿಟ್ಟು ಹೋಗುತ್ತಾರೆ. ಮಾರುವ ಮೌಶಿಯನ್ನು ಕೇಳಿದೆ. ಈಗ ನನಗಾಗಿ ಒಂದು ಚೀಲದಲ್ಲಿ ಎತ್ತಿಟ್ಟಿರುತ್ತಾರೆ. ಮೂಲಂಗಿ ಸೊಪ್ಪಿಗೆ ಕಡಲೆಹಿಟ್ಟು ಉದುರಿಸಿ ಪಲ್ಲೆ ಮಾಡಿದರೆ ಮಗಳು ಎರಡು ರೊಟ್ಟಿ ಜಾಸ್ತಿ ತಿನ್ನುತ್ತಾಳೆ.

ಜುಲೈ, ಆಗಸ್ಟಿನಲ್ಲಿ ಸೊಪ್ಪಿನ ದರ ಏರುತ್ತದೆ. ಮೆಂತ್ಯ ಮಣ್ಣು ಮೆತ್ತಿಕೊಂಡು ಬರುತ್ತದೆ. ಆಗ ನುಗ್ಗೆ ಸೊಪ್ಪು ಕೈ ಹಿಡಿಯುತ್ತದೆ. ಯಜಮಾನರು ಕೆಲಸ ಮಾಡುವ ಸೊಸೈಟಿಯ ಕಾಂಪೌಂಡಿನಲ್ಲಿ ಎರಡು ನುಗ್ಗೆ ಗಿಡ ಇವೆ. ಅಲ್ಲಿಯವರಿಗೆ ಕಾಯಿ ಬೇಕು, ಸೊಪ್ಪು ಬೇಡ. ಮಾಳಿ ಟೊಂಗೆ ಕಡಿದಾಗ ಕೇಳಿ ತರುತ್ತಾರೆ. ರಾತ್ರಿ ಟಿವಿ ಮುಂದೆ ಕೂತು ಎಲ್ಲರೂ ಎಲೆ ಬಿಡಿಸುತ್ತೇವೆ. ಸ್ವಲ್ಪ ಬೇಳೆಗೆ, ಸ್ವಲ್ಪ ರೊಟ್ಟಿ ಹಿಟ್ಟಿಗೆ. ಉಳಿದದ್ದನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಶೇಂಗಾ ಹಿಂಡಿಗೆ ಕೂಡಿಸುತ್ತೇನೆ.

ಇನ್ನು ಪುಂಡಿ ಪಲ್ಲೆ. ಇಲ್ಲಿ ಅದನ್ನು ಅಂಬಾಡಿ ಅನ್ನುತ್ತಾರೆ. ಎಷ್ಟೋ ನಮ್ಮ ಹುಡುಗಿಯರು ಮಂಡಈಯಲ್ಲಿ ಅದರ ಮುಂದೆಯೇ ಹಾದು ಹೋಗುತ್ತಾರೆ, ಹೆಸರು ಗೊತ್ತಾಗದೆ. ಒಂದು ಕಟ್ಟು ಪುಂಡಿ, ಅರ್ಧ ಬಟ್ಟಲು ತೊಗರಿ ಬೇಳೆ, ಒಂದು ಹಿಡಿ ಜೋಳದ ನುಚ್ಚು, ಒಂದು ಹಿಡಿ ಶೇಂಗಾ, ಹಸಿಮೆಣಸಿನಕಾಯಿ, ಎಲ್ಲ ಕೂಡಿಸಿ ಬೇಯಿಸಿ ಕಡಗೋಲಿನಿಂದ ಮಸಿಯಬೇಕು. ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬೇಳೆ, ಧಾನ್ಯ, ಸೊಪ್ಪು, ಎಣ್ಣೆಕಾಳು ಒಂದೇ ಪಾತ್ರೆಯಲ್ಲಿ ಬಂತು. ಇದನ್ನು ಕಲಿಸಿದ ನಮ್ಮವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ.

ಹಾಲು ದಿನಕ್ಕೆ ಅರ್ಧ ಲೀಟರ್, ತಿಂಗಳಿಗೆ 900. ಸ್ವಲ್ಪ ಚಹಾಕ್ಕೆ, ಉಳಿದದ್ದು ಹೆಪ್ಪು ಹಾಕಲು. ತತ್ತಿ ತಿಂಗಳಿಗೆ 60. ಮಕ್ಕಳಿಗೆ ವಾರಕ್ಕೆ ನಾಲ್ಕು, ನಮಗಿಬ್ಬರಿಗೆ ಮೂರು. ಅತ್ತೆಯವರು ತತ್ತಿ ಮುಟ್ಟಲ್ಲ, ಅವರಿಗೆ ಮೊಸರು ಒಂದು ಬಟ್ಟಲು ಜಾಸ್ತಿ. ಎಣ್ಣೆ ಮೂರೂವರೆ ಲೀಟರಿಗೆ ಇಳಿಸಿದ್ದೇನೆ, ಮುಂಚೆ ಐದು ಆಗುತ್ತಿತ್ತು. ಹಣ್ಣು ಅಂದರೆ ಬಾಳೆ, ಪೇರು (ಸೀಬೆ), ಪಪ್ಪಾಯಿ. ಸೇಬು ಕಾಯಿಲೆ ಬಿದ್ದಾಗಲೂ ತರಲ್ಲ, ಪೇರುಹಣ್ಣಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಸಿ ಜೀವಸತ್ವ ಇದೆ.

ಚಹಾದ ಬಗ್ಗೆ ನರ್ಸ್ ಬಾಯಿ ಹೇಳಿದ ಮಾತು ಎಲ್ಲ ಹೆಂಗಸರಿಗೂ ಮುಟ್ಟಬೇಕು. ಉಂಡ ಕೂಡಲೇ ಚಹಾ ಕುಡಿದರೆ ಊಟದಲ್ಲಿದ್ದ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಲಿಂಬೆ ಹಿಂಡಿಕೊಂಡು ಉಂಡರೆ ಜಾಸ್ತಿ ಹತ್ತುತ್ತದೆ. ನಾನು, ಅತ್ತೆ ಇಬ್ಬರೂ ಊಟದ ತಟ್ಟೆ ತೊಳೆದ ಕೈಯಲ್ಲೇ ಚಹಾಕ್ಕೆ ಇಡುತ್ತಿದ್ದವರು. ಈಗ ಒಂದು ತಾಸು ಬಿಟ್ಟು ಕುಡಿಯುತ್ತೇವೆ. ಬರೀ ಸೊಪ್ಪು ತಿಂದು ನನ್ನ ರಕ್ತ ಏರಿತು ಅಂತ ನಾನು ಹೇಳಲ್ಲ. ದವಾಖಾನೆಯಲ್ಲಿ ಬಿಟ್ಟಿಯಾಗಿ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಆರು ತಿಂಗಳು ತಪ್ಪದೆ ತಗೊಂಡೆ. ಹೊಟ್ಟೆ ತೊಳಸಿದಂತಾದರೂ ಬಿಡಲಿಲ್ಲ. ಗುಳಿಗೆ ನಿಂತ ಮೇಲೆ ಮತ್ತೆ ಇಳಿಯಬಾರದು ಅಂದರೆ ತಟ್ಟೆ ಸರಿಯಾಗಬೇಕು. ಹೋದ ತಿಂಗಳು ತೋರಿಸಿದಾಗ 11.6 ಇತ್ತು. ಮೂರನೇ ಮಹಡಿ ಈಗ ನಿಲ್ಲದೆ ಹತ್ತುತ್ತೇನೆ.

ಇಷ್ಟು ಬರೆದೆ ಅಂತ ಎಲ್ಲವೂ ಹೆಂಗಸರ ಜಾಣತನದ ಮೇಲೆ ನಿಂತಿದೆ ಅಂತ ಯಾರೂ ತಿಳಿಯಬಾರದು. ಕೈ ಮೀರಿದ ವಿಷಯ ಬಹಳ ಇವೆ. ಮಹಾರಾಷ್ಟ್ರದಲ್ಲಿ ಪಟ್ಟಣದ ಕುಟುಂಬಕ್ಕೆ ಬಡವರಿಗೆಂದು ಇಟ್ಟ ಆದ್ಯತಾ ರೇಷನ್ ಸಿಗಬೇಕು ಅಂದರೆ ವರ್ಷದ ಆದಾಯ 59,000 ರೂಪಾಯಿಯ ಒಳಗಿರಬೇಕು. ಅಂದರೆ ತಿಂಗಳಿಗೆ 5,000 ಕೂಡ ಇಲ್ಲ. ಪುಣೆಯಲ್ಲಿ ಅದು ಒಂದು ಕೋಣೆಯ ಬಾಡಿಗೆಗೂ ಸಾಲದು. ಅದಕ್ಕಿಂತ ನಾಲ್ಕು ಕಾಸು ಜಾಸ್ತಿ ದುಡಿದವರು ಉಳ್ಳವರಾದರಾ? ಈ ಮಿತಿ ಏರಿಸಬೇಕು ಅಂತ ನಾವು ಗಟ್ಟಿಯಾಗಿ ಕೇಳಬೇಕು. ಇನ್ನೊಂದು, ಶಾಲೆಯ ಬಿಸಿಯೂಟ. ಇಲ್ಲಿ ಎಂಟನೇ ತರಗತಿಗೆ ಅದು ನಿಲ್ಲುತ್ತದೆ. ನಮ್ಮ ಕರ್ನಾಟಕದಲ್ಲಿ ಅಕ್ಷರ ದಾಸೋಹದ ಊಟ ಹತ್ತನೇ ತರಗತಿವರೆಗೂ ಇದೆ. ಹೆಣ್ಣುಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲೇ ಊಟ ಜಾಸ್ತಿ ಬೇಕು. ಅದೇ ವಯಸ್ಸಿಗೆ ಇಲ್ಲಿ ತಟ್ಟೆ ತೆಗೆಯುತ್ತಾರೆ. ಮಗ ಶಾಲೆಯಲ್ಲಿ ಉಣ್ಣುತ್ತಾನೆ, ಅಕ್ಕ ಡಬ್ಬಿ ಒಯ್ಯುತ್ತಾಳೆ.

ಊರ ಕಡೆಯಿಂದ ಹೊಸದಾಗಿ ಬಂದವರಿಗಾಗಿ ಒಂದು ಮಾತು ಬರೆಯಲೇಬೇಕು. ನಮ್ಮ ಹಿಂದಿನ ರಸ್ತೆಯಲ್ಲಿ ದೊಡ್ಡ ಕಟ್ಟಡ ಏಳುತ್ತಿದೆ. ಅಲ್ಲಿ ಪತ್ರಾ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಗಂಡ ಹೆಂಡತಿ, ಎರಡು ಮಕ್ಕಳು ಇದ್ದಾರೆ. ಆ ಹುಡುಗಿ ಬ್ಲೌಸ್ ಹೊಲಿಸಲು ಬಂದಾಗ ಮಾತು ಬಂತು. ಕಿಲೋಗೆ 45 ಕೊಟ್ಟು ಅಕ್ಕಿ ತರುತ್ತಾಳೆ. ಬೇಳೆಗೆ ದುಡ್ಡು ಉಳಿಯಲ್ಲ. "ನಿನ್ನ ರೇಷನ್ ಕಾರ್ಡ್ ಎಲ್ಲೈತವಾ?" ಅಂದರೆ "ಊರಾಗ ಅತ್ತಿ ಹಂತ್ಯಾಕ ಐತ್ರಿ, ಇಲ್ಲಿ ನಡ್ಯಂಗಿಲ್ಲಲ್ರಿ" ಅಂದಳು.

ನಡೆಯುತ್ತದೆ. ಒಂದು ರಾಷ್ಟ್ರ ಒಂದು ಪಡಿತರ ಚೀಟಿ ಅನ್ನುವ ವ್ಯವಸ್ಥೆಯಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರಿಂದ ಇವೆ. 2013ರ ಆಹಾರ ಭದ್ರತಾ ಕಾಯ್ದೆಯ ಆದ್ಯತಾ ಕಾರ್ಡು ಇದ್ದವರು ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಇಲ್ಲಿಯ ರೇಷನ್ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ಎತ್ತಬಹುದು. 2023ರ ಜನವರಿಯಿಂದ ಅದಕ್ಕೆ ದುಡ್ಡೂ ಇಲ್ಲ. ಕಾರ್ಡು ಊರಲ್ಲಿದ್ದರೂ ಪರವಾಗಿಲ್ಲ, ಕಾರ್ಡಿನ ನಂಬರ್ ಅಥವಾ ಆಧಾರ್ ನಂಬರ್ ಸಾಕು. ಆಧಾರ್ ಜೋಡಣೆ ಮಾತ್ರ ಆಗಿರಬೇಕು. ಇಲ್ಲಿರುವವರು ತಮ್ಮ ಪಾಲು ಇಲ್ಲಿ ತಗೊಂಡು, ಊರಲ್ಲಿರುವ ಅತ್ತೆ ಮಾವ ತಮ್ಮ ಪಾಲು ಅಲ್ಲೇ ತಗೊಳ್ಳಬಹುದು. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಹೆಚ್ಚಾಗಿ ಕೊಡುವುದು ಮಾತ್ರ ಇಲ್ಲಿ ಸಿಗಲ್ಲ. ನಾನು ಆ ಹುಡುಗಿಯ ಜೊತೆ ಹೋದೆ. ಮೊದಲ ಅಂಗಡಿಯವರು ಕರ್ನಾಟಕದ ಕಾರ್ಡ್ ಇಲ್ಲಿ ಬರಲ್ಲ ಅಂದರು. ಅಲ್ಲೇ ನಿಂತು 14445 ಸಹಾಯವಾಣಿಗೆ ಫೋನ್ ಹಚ್ಚಿ ಕೇಳಿಕೊಂಡು ಎರಡನೇ ಅಂಗಡಿಗೆ ಹೋದೆವು. ಅಲ್ಲಿ ಮಶೀನು ತಗೊಂಡಿತು. ನಾಲ್ಕು ಜನರ 20 ಕಿಲೋ ಕೈಗೆ ಬಂತು. ಅವಳಿಗೆ ತಿಂಗಳಿಗೆ 900 ರೂಪಾಯಿಯ ಅಕ್ಕಿ ಉಳಿಯಿತು. ಆ ದುಡ್ಡಿನಲ್ಲಿ ಏನು ತರಬೇಕು ಅಂತ ಬರುವಾಗ ದಾರಿಯುದ್ದಕ್ಕೂ ಹೇಳಿದೆ. ಚಿಕ್ಕ ಮಗಳನ್ನು ಅಂಗನವಾಡಿಗೆ ಹಚ್ಚಲು ಹೇಳಿದ್ದೇನೆ, ಅಲ್ಲೂ ಊಟ ಸಿಗುತ್ತದೆ.

ಸಂಪಾದಕರೇ, ನಿಮ್ಮಲ್ಲಿ ಎರಡು ವಿನಂತಿ. ಮಾರ್ಕೆಟ್ ಯಾರ್ಡಿನ ಬೇಳೆಕಾಳು, ಸೊಪ್ಪಿನ ದರ ಮರಾಠಿ ಪತ್ರಿಕೆಗಳಲ್ಲಿ ಬರುತ್ತದೆ. ಮರಾಠಿ ಓದಲು ಬಾರದ ನಮ್ಮವರು ಬಹಳ ಇದ್ದಾರೆ. ವಾರಕ್ಕೊಮ್ಮೆ ನಾಲ್ಕು ಸಾಲು ನೀವೂ ಹಾಕಿ. ಸೊಪ್ಪಿನ ಹೆಸರು ಎರಡೂ ಭಾಷೆಯಲ್ಲಿ ಇರಲಿ. ಎರಡನೆಯದು ಇಲ್ಲಿಯ ಕನ್ನಡ ಸಂಘಗಳಿಗೆ ನಿಮ್ಮ ಮೂಲಕ. ನವೆಂಬರಿನಲ್ಲಿ ರಾಜ್ಯೋತ್ಸವ ಮಾಡುತ್ತೀರಿ, ಹಾಡು, ನೃತ್ಯ, ಊಟ ಎಲ್ಲ ಇರುತ್ತದೆ. ನಾವೂ ಬಂದು ಸಂತೋಷದಿಂದ ನೋಡುತ್ತೇವೆ. ಈ ಸಲ ಬಾಗಿಲ ಹತ್ತಿರ ಒಂದು ಮೇಜು ಹಾಕಿಸಿ. ಬಂದ ಹೆಂಗಸರ ಬೆರಳು ಚುಚ್ಚಿ ರಕ್ತ ನೋಡುವವರು ಒಬ್ಬರು, ಊರಿನ ರೇಷನ್ ಕಾರ್ಡ್ ಇಲ್ಲಿ ಹೇಗೆ ನಡೆಸುವುದು ಅಂತ ಹೇಳುವವರು ಒಬ್ಬರು ಇರಲಿ. ಹೇಳುವವರು ಸಿಗದಿದ್ದರೆ ನಾನು ಬಂದು ಕೂರುತ್ತೇನೆ.

ಚಿಂಚವಾಡದ ತಂಗಿ, ನಿಮ್ಮ ಲೆಕ್ಕದಲ್ಲಿ ನಾಲ್ಕು ಜನರ ಊಟ ಇದೆ, ಮನೆಯಲ್ಲಿ ಐವರಿದ್ದೀರಿ. ನಾಳೆ ಬೆಳಿಗ್ಗೆಯೇ ಹತ್ತಿರದ ಪಾಲಿಕೆ ದವಾಖಾನೆಗೆ ಹೋಗಿ ರಕ್ತ ತೋರಿಸಿಕೊಳ್ಳಿ. ಎಷ್ಟು ಬಂತು ಅಂತ ಇದೇ ಪುಟಕ್ಕೆ ಬರೆದು ತಿಳಿಸಿ. ನಾನು ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಓದುಗ ಸೋದರಿ
ಹಡಪ್ಸರ, ಪುಣೆ